ಜರಡಿಯಲ್ಲಿ ನಿಲ್ಲದ ನಡುಕ

ಕೆಂಚನಗುಡ್ಡದ ಮುಚ್ಚಿದ ಚಿನ್ನದ ಗಣಿಯ ಸುತ್ತ ನೆಲದೊಳಗೆ ಹೂತಿದ್ದ ನಾನೂರು ಕಂಪನಮಾಪಕಗಳು ದಿನಕ್ಕೆ ಮುನ್ನೂರು ಕೋಟಿಗೂ ಹೆಚ್ಚು ಅಂಕಿಗಳನ್ನು ಕಳಿಸುತ್ತಿದ್ದವು. ‘ಜರಡಿ’ ಎಂಬ ಯಂತ್ರ ಅವನ್ನು ಬಂದ ಹಾಗೆಯೇ ಸೋಸಿ, ಭೂಮಿಯ ನಿಜವಾದ ಅದುರು ಎನ್ನಿಸಿದ ನೂರಿನ್ನೂರನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಗಂಟೆಯೊಳಗೆ ಅಳಿಸಿಬಿಡುತ್ತಿತ್ತು. ಲಾರಿ, ಪಂಪು, ಹಿಟ್ಟಿನ ಗಿರಣಿ, ಹೀಗೆ ದಿನವೂ ಅದೇ ಹೊತ್ತಿಗೆ ಮರುಕಳಿಸುವುದೆಲ್ಲ ಮನುಷ್ಯರ ಗದ್ದಲ ಎಂದು ಅದಕ್ಕೆ ಕಲಿಸಿದವಳು ಅದನ್ನು ರೂಪಿಸಿದ ಎಂಜಿನಿಯರ್ ಮಂದಾಕಿನಿ. ೨೦೬೧ರ ಹೊತ್ತಿಗೆ ಅಣೆಕಟ್ಟುಗಳಿಗೂ ಸೇತುವೆಗಳಿಗೂ ಅವಳ ಜರಡಿಯನ್ನೇ ಕೂರಿಸುತ್ತಿದ್ದರು.

ಗಣಿಯ ಹಳೆಯ ಕಾಲೋನಿಯ ಹುಲಿಗೆಮ್ಮ ಒಂದು ದಿನ ಅವಳ ಕಚೇರಿಗೆ ಬಂದಳು.

“ತಿಂಗಳಾತ್ರೀ ಮೇಡಮ್ಮರ, ದಿನಾ ಮಧ್ಯಾಹ್ನ ಗ್ವಾಡಿ ನಡುಗತಾವ. ನೆಲುವಿನ ಮ್ಯಾಲಿನ ಗಡಿಗಿ ತಾನ ತೂಗ್ತದ.”

ಮಂದಾಕಿನಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಕಾಲೋನಿಯ ಕಂಪನದ ಗೆರೆ ನೆಟ್ಟಗಿತ್ತು. “ನೋಡಿ ಹುಲಿಗೆಮ್ಮ, ಏನೂ ಇಲ್ಲ.”

“ನಿಮ್ಮ ಯಂತ್ರಕ್ಕ ಕೇಳ್ಸಿಲ್ಲೇನ್ರೀ?”

“ಕೇಳಿಸಿದ್ದರೆ ಇಲ್ಲಿ ಇರುತ್ತಿತ್ತು.”

ಐದು ತಿಂಗಳ ಮೇಲೆ ಕಾಲೋನಿಯ ಎರಡು ಸಾಲು ಮನೆಗಳು ಕುಸಿದು ನೆಲದೊಳಗೆ ಹೋದವು. ಸತ್ತ ಆರು ಮಂದಿಯಲ್ಲಿ ಹುಲಿಗೆಮ್ಮನ ಗಂಡ ಯಂಕೋಬನೂ ಒಬ್ಬ.

ಕಾರಣ ಮಂದಾಕಿನಿಗೆ ಒಂದೇ ದಿನದಲ್ಲಿ ಹೊಳೆಯಿತು. ಹಳೆಯ ಸುರಂಗಗಳಲ್ಲಿ ತುಂಬಿದ್ದ ನೀರೇ ಮೇಲಿನ ನೆಲವನ್ನು ಹೊತ್ತು ನಿಂತಿತ್ತು. ಒಂದು ಕಂಪನಿ ಆ ನೀರನ್ನು ಸೌರ ಪಂಪಿನಿಂದ ಎತ್ತತೊಡಗಿತ್ತು. ಬಿಸಿಲು ನೆತ್ತಿಗೇರಿದಾಗ ಪಂಪು ಭರದಿಂದ ಓಡುತ್ತಿತ್ತು. ಆಗಲೇ ಬಂಡೆ ಜರುಗುತ್ತಿತ್ತು. ದಿನವೂ ಅದೇ ಹೊತ್ತಿಗೆ. ಜರಡಿ ಎರಡನ್ನೂ ಗದ್ದಲವೆಂದು ಚೆಲ್ಲಿತ್ತು.

ವಿಚಾರಣೆಯಲ್ಲಿ ಕಂಪನಿಯ ವಕೀಲರು ಅವಳದೇ ನಕ್ಷೆಗಳನ್ನು ಮುಂದಿಟ್ಟರು. ಆರು ತಿಂಗಳು, ಕಾಲೋನಿಯ ಕೆಳಗೆ ಒಂದು ನಡುಕವೂ ಇಲ್ಲ.

“ಯಂತ್ರ ಅದನ್ನು ಅಳಿಸಿದೆ. ಹಾಗೆ ಮಾಡು ಅಂತ ಕಲಿಸಿದವಳು ನಾನೇ,” ಎಂದಳು ಮಂದಾಕಿನಿ.

“ಅಳಿಸಿದ್ದಕ್ಕೆ ದಾಖಲೆ ಇದೆಯೇ?”

“ಇಲ್ಲ.”

ಮನೆಗಳ ಗೋಡೆ ದುರ್ಬಲವಾಗಿತ್ತು ಎಂದು ವಿಚಾರಣೆಯ ಅಧಿಕಾರಿಗಳು ವರದಿ ಬರೆದರು. ಪಂಪು ಮತ್ತೆ ಶುರುವಾಯಿತು.

ಹೊರಗೆ ಬೇವಿನ ಮರದ ಕೆಳಗೆ ಹುಲಿಗೆಮ್ಮ ಕೂತಿದ್ದಳು. ಮಂದಾಕಿನಿ ಹತ್ತಿರ ಹೋಗಿ ನಿಂತಳು. ಹುಲಿಗೆಮ್ಮ ತಲೆಯೆತ್ತದೆ ಹೇಳಿದಳು: “ಅವತ್ತ ನಾ ಹೇಳಿದ್ದನ್ನ ಒಂದು ಹಾಳ್ಯಾಗ ಬರ್ಕೊಂಡಿದ್ರ ಸಾಕಿತ್ತರೀ. ಒಂದು ದಾಖಲಿ ಆಗ್ತಿತ್ತು.”

ಏನನ್ನೂ ಅಳಿಸಬೇಡಿ ಎಂದು ಮಂದಾಕಿನಿ ಜರಡಿ ಕೂರಿಸಿದ್ದ ಎಲ್ಲ ಕಡೆಗೂ ಪತ್ರ ಬರೆದಳು. ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಉತ್ತರ ಬಂತು. ತಾನು ಜರಡಿಗೆ ಕಲಿಸಿದ ನಿಯಮ ತನಗೆ ಎಲ್ಲಿಂದ ಬಂತು ಎಂದು ಹಳೆಯ ಕಡತಗಳನ್ನು ಕೆದಕುತ್ತ ಹೋದಳು. ಪ್ರತಿ ಕಡತವೂ ತನಗಿಂತ ಹಳೆಯದರಿಂದ ಆ ನಿಯಮವನ್ನು ನಕಲು ಮಾಡಿಕೊಂಡಿತ್ತು. ಕೊನೆಗೆ ೨೦೨೫ರ ಒಂದು ಟಿಪ್ಪಣಿ ಸಿಕ್ಕಿತು. ಒಂದೇ ಸಾಲು: ‘ಊರಿನ ಸದ್ದು ಬೇಕಿಲ್ಲ, ತೆಗೆದುಬಿಡಿ.’

ಯಾಕೆ ಎಂದು ಯಾರೂ ಕೇಳಿದಂತಿರಲಿಲ್ಲ. ಕೆಳಗೆ ಸಹಿಯೂ ಇರಲಿಲ್ಲ.