ಕಲ್ಲು ಉಗುಳಿದ ಕೊತ್ತಲ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಹೆಬ್ಬಂಡೆ ಅಂತ ಒಂದು ರಾಜ್ಯ. ಅದರ ಕೋಟೆ ಎಷ್ಟು ಎತ್ತರ ಅಂದರೆ, ಮೋಡಗಳು ಬಂದು ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗುತ್ತಿದ್ದವು. ಸುಳ್ಳಲ್ಲ, ಉಜ್ಜಿ ಉಜ್ಜಿ ಕಲ್ಲೇ ನುಣ್ಣಗಾಗಿತ್ತು.

ಯುದ್ಧಗಳು ನಿಂತವು, ಕೋಟೆಯನ್ನು ಕೇಳುವವರಿಲ್ಲದಂತಾಯಿತು. ಗೋಡೆ ಬಿರುಕು ಬಿಟ್ಟಿತು. ಆ ಬಿರುಕಿನಲ್ಲಿ ಬೂದಿಗಣ್ಣ ಅನ್ನೋ ಮಾಯಗಾರ ಬಂದು ಮನೆ ಮಾಡಿದ. ಅವನು ಉಸಿರು ಬಿಟ್ಟಂತೆಲ್ಲ ಗೋಡೆ ಉದುರಿತು, ಮೂಲೆಯ ಕಾವಲು ಕೊತ್ತಲವೂ ಅರ್ಧ ಕುಸಿಯಿತು. ಕೊತ್ತಲದ ಮೇಲೆ ಕಹಳೆ ಊದುತ್ತಿದ್ದ ಬೋರಣ್ಣ ತಡೆಯಲು ಹೋಗಿ ನಿಂತಲ್ಲೇ ಕಲ್ಲಾದ. ಕೊತ್ತಲ ಮತ್ತೆ ಎದ್ದರೆ ಇವನೂ ಏಳುತ್ತಾನೆ, ಪೂರ್ತಿ ಬಿದ್ದರೆ ಇವನೂ ಪುಡಿ ಎಂದು ಬೂದಿಗಣ್ಣ ನಕ್ಕ.

ಬೋರಣ್ಣನ ಹೆಂಡತಿ ಸಿರಿಯವ್ವ ಕಲ್ಲು ಕಟ್ಟುವವರ ಮಗಳು. ಗಾರೆ ಬುಟ್ಟಿ ಹೊತ್ತು ಹೊರಟೇಬಿಟ್ಟಳು.

ಕಂದಕದಲ್ಲಿ ಮೊಸಳೆ ಅಡ್ಡ ಬಂತು. ತೊಟ್ಟು ನೀರಿಲ್ಲ, ಮೈಯೆಲ್ಲ ಹೂಳು. ಮೊದಲು ನೀರು, ಆಮೇಲೆ ದಾರಿ ಅಂತು. ಸಿರಿಯವ್ವ ಹೂಳೆತ್ತಿದಳು, ಎತ್ತಿ ಹಾಕಿದ ಮಣ್ಣೇ ಒಂದು ಗುಡ್ಡವಾಯಿತು. ನೀರು ತುಂಬಿತು, ಮೊಸಳೆ ಸೇತುವೆಯಂತೆ ಬೆನ್ನು ಕೊಟ್ಟಿತು.

ಹೆಬ್ಬಾಗಿಲನ್ನು ಅರಳಿಮರ ಬೇರಿನಿಂದ ಬಿಗಿದಪ್ಪಿತ್ತು. ರಾಜನ ಆಳುಗಳು ಕಡಿದಾಗೆಲ್ಲ ಎರಡಾಗಿ ಚಿಗುರಿತ್ತು. ಇವಳು ಕಡಿಯಲಿಲ್ಲ. ಕಂದಕದ ದಡದಲ್ಲಿ ಗುಂಡಿ ತೋಡಿ, "ಇಲ್ಲಿ ನೀರಿದೆ, ಬಾರಪ್ಪ" ಅಂದಳು. ಮರ ಒಂದೊಂದೇ ಬೇರು ಬಿಡಿಸಿಕೊಂಡು, ಪಂಚೆ ಎತ್ತಿ ಕಟ್ಟಿದ ಯಜಮಾನನ ಹಾಗೆ ನಡೆದು ಬಂತು.

ಉಳಿದದ್ದು ಕೊತ್ತಲ. ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಗಾರೆ ಅರೆದು, ಹೊಸ ಕಲ್ಲಿಟ್ಟು ಕಟ್ಟಿದಳು. ಕಹಿ ಮದ್ದು ಕುಡಿಸಿದ ಮಗುವಿನಂತೆ ಕೊತ್ತಲ ಅಷ್ಟೂ ಕಲ್ಲನ್ನು ಉಗುಳಿತು. ಮತ್ತೆ ಕಟ್ಟಿದಳು, ಮತ್ತೆ ಉಗುಳಿತು. ಆಗ ಹೊಳೆಯಿತು, ಅದು ಕೇಳುತ್ತಿರುವುದು ತನ್ನದೇ ಕಲ್ಲನ್ನು. ಬಿದ್ದ ಕಲ್ಲನ್ನೆಲ್ಲ ಊರವರು ಹೊತ್ತು ಹೋಗಿದ್ದರು. ಒಬ್ಬರಿಗೆ ಹೊಸ್ತಿಲು, ಒಬ್ಬರಿಗೆ ಒಗೆಯುವ ಕಲ್ಲು, ರಾಜನ ಬಚ್ಚಲಿಗೂ ಒಂದು. ಮನೆಮನೆಗೆ ಹೋಗಿ ಕೇಳಿದಳು. ಗೊಣಗಿಕೊಂಡೇ ಕೊಟ್ಟರು. ಬಚ್ಚಲ ಕಲ್ಲನ್ನು ರಾಜನೇ ಹೊತ್ತು ತಂದ.

ಕೊತ್ತಲ ಎದ್ದು ನಿಂತಿತು. ಒಂದೇ ಒಂದು ಕಿಂಡಿ ಉಳಿಯಿತು. ಅದರಿಂದ ಬೂದಿಗಣ್ಣ ಇಣುಕಿದ.

"ಊರೆಲ್ಲ ಜಾಲಾಡಿದೆಯಲ್ಲ ತಾಯಿ, ನಿನ್ನ ಮನೆ ನೋಡಿದೆಯಾ?"

ಸಿರಿಯವ್ವನಿಗೆ ಆಗ ನೆನಪಾಯಿತು. ಅತ್ತೆ ಗಾದ್ರವ್ವನ ಒಲೆಗುಂಡು ಕೋಟೆಯದೇ. ಆದರೆ ಮನೆಯ ಗಂಡಸು ಸತ್ತಾಗ ಮಾತ್ರ ಒಲೆ ಕೀಳುವುದು ಆ ಊರಿನ ಪದ್ಧತಿ. ಮಗ ಬರುತ್ತಾನೆಂದು ಕಾದಿರುವ ತಾಯಿಯನ್ನು ಯಾವ ಬಾಯಲ್ಲಿ ಕೇಳುವುದು?

ತಿರುಗಿ ನೋಡಿದರೆ ಗಾದ್ರವ್ವನೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮಡಿಲಲ್ಲಿ ಮಸಿ ಹಿಡಿದ ಕಲ್ಲು.

"ನೀನು ಕೇಳಲ್ಲ ಅಂತ ಗೊತ್ತಿತ್ತು ಕಣೆ. ಹಿಡಿ. ಹೊಸ ಒಲೆ ಅವನ ಕೈಲೇ ಹೂಡಿಸ್ತೀನಿ."

ಕಲ್ಲು ಕಿಂಡಿಗೆ ಸರಿಯಾಗಿ ಕೂತಿತು. ಇರಲು ಬಿರುಕಿಲ್ಲದೆ ಬೂದಿಗಣ್ಣ ಕುಗ್ಗಿ ಕುಗ್ಗಿ ಹಲ್ಲಿಯಾಗಿ ಓಡಿದ. ಹಲ್ಲಿಗಳು ಇವತ್ತಿಗೂ ಬಿರುಕು ಹುಡುಕುವುದು ಅದಕ್ಕೇ.

ಬೋರಣ್ಣ ಮೈಮುರಿದು ಕಣ್ಣು ಬಿಟ್ಟ. "ಅವ್ವ, ಮುದ್ದೆ ತಂದೆಯಾ?"

"ಒಲೆನೇ ಕಿತ್ತು ತಂದೀನಿ, ಮುದ್ದೆ ಎಲ್ಲಿಂದ ತರ್ಲಿ?" ಎಂದು ಗಾದ್ರವ್ವ ಅಳುತ್ತಲೇ ಬೈದಳು.

ಹೊಸ ಒಲೆಯನ್ನು ಬೋರಣ್ಣ ಕೊತ್ತಲದ ಕೆಳಗೇ ಹೂಡಿದ. ಅವತ್ತು ತಿರುವಿದ ಮುದ್ದೆ ಎಷ್ಟು ದೊಡ್ಡದು ಅಂದರೆ, ರಾಜನೂ ಊರೂ ಉಂಡು, ಮೊಸಳೆಗೂ ಒಂದು ತುತ್ತು ಉಳಿಯಿತು. ಅಂದಿನಿಂದ ವರ್ಷಕ್ಕೊಮ್ಮೆ ಮನೆಗೊಂದು ಬುಟ್ಟಿ ಗಾರೆ ಕೋಟೆಗೆ ಬರುತ್ತದೆ. ಕೋಟೆ ಗಟ್ಟಿ, ಜನ ತಣ್ಣಗೆ.