ಥೋರಾಳ ಕಾವಲಿ

ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು, ನನಗದು ಉಳಿದಿಲ್ಲ. ನಾರ್ವೆಯಿಂದ ಬಂದ ನಮ್ಮ ಅಜ್ಜಿಯರ ಹಾಗೆ ಅಂದೂ ನಾವು ಚರ್ಚಿನ ನೆಲಮಾಳಿಗೆಯಲ್ಲಿ ಹಬ್ಬದೂಟಕ್ಕೆ ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದೆವು. "ಕೈ ನಡುಗತ್ತೆ, ಮನೆಗೆ ಹೋಗೇ" ಎಂದು ಅದರ ಹಿಂದಿನ ವರ್ಷ ನಾನು ಎಬ್ಬಿಸಿ ಕಳಿಸಿದ್ದ ಥೋರಾ ವಸಂತದಲ್ಲಿ ತೀರಿಕೊಂಡಿದ್ದಳು. ಅವಳ ಕರೆಂಟಿನ ಕಾವಲಿಯನ್ನು ಯಾರೂ ಹಚ್ಚದಿರಲೆಂದು ಅದರ ವೈರನ್ನು ಕಿತ್ತು ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡಿದ್ದೆ.

ಮಧ್ಯಾಹ್ನ ಹಿಟ್ಟು ಸೀದ ವಾಸನೆ ಬಂತು.

"ನಿಂತಲ್ಲೇ ನಿದ್ದೆ ಹೊಡೀತಿದ್ದೀಯೇನೇ?" ಎಂದು ಪಕ್ಕದ ಸಿಗ್ನೆ ಛೇಡಿಸಿದಳು.

"ನನ್ನ ಕಾವಲಿ ಖಾಲಿ ಇದೆ ಕಣೇ."

ಅವಳದೂ ಖಾಲಿಯಿತ್ತು. ಥೋರಾಳ ಕಾವಲಿಯ ಪಕ್ಕದಲ್ಲಿದ್ದ, ರೊಟ್ಟಿ ಮುಚ್ಚಿಡುವ ಬಟ್ಟೆ ಎತ್ತಿದರೆ, ಒಂದೇ ಒಂದು ರೊಟ್ಟಿ ಹಬೆಯಾಡುತ್ತಿತ್ತು. ನಾವೆಲ್ಲ ಎರಡಾಗಿ ಮಡಿಸುತ್ತೇವೆ. ಅದು ಥೋರಾ ಹಟ ಹಿಡಿದು ಮಡಿಸುತ್ತಿದ್ದಂತೆ ನಾಲ್ಕು ಮಡಿಕೆಯಾಗಿತ್ತು.

ಜೇಬಿಗೆ ಕೈ ಹಾಕಿದೆ. ಸುತ್ತಿಟ್ಟ ವೈರು ಅಲ್ಲೇ ಇತ್ತು, ಹಿಡಿಯಲಾಗದಷ್ಟು ಸುಡುತ್ತಿತ್ತು.