ತಿರುಗಿ ಬರುವ ಇಂಧನ

ಎಂಬತ್ನಾಲ್ಕರ ಬೇಸಿಗೆಯಲ್ಲಿ ಹಂಪಸಾಗರದ ಶಿವಯೋಗಪ್ಪನವರ ಮನೆಯಲ್ಲಿ ಗೋಬರ್ ಗ್ಯಾಸ್ ಒಲೆ ಮೊದಲ ಸಲ ಹೊತ್ತಿಕೊಂಡಿತು. ಕಡ್ಡಿ ಗೀರಿದವನು ಹಗರಿಬೊಮ್ಮನಹಳ್ಳಿಯಿಂದ ಸೈಕಲ್ ತುಳಿದು ಬಂದಿದ್ದ ಗೋಬರ್ ಗ್ಯಾಸ್ ಯೋಜನೆಯ ಸೂಪರ್‌ವೈಸರ್, ಕೊಟ್ಟೂರಿನ ಉಜ್ಜಿನಪ್ಪ. ಶಿವಯೋಗಪ್ಪನವರು ಹೊಸ್ತಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ತಾಯಿಯಿಲ್ಲದ ಆ ಮನೆಯ ಅಡುಗೆ ನೋಡಿಕೊಳ್ಳುತ್ತಿದ್ದ ಮಗಳು ಅನ್ನದಾನಮ್ಮ ಒಲೆಯ ಪಕ್ಕದಲ್ಲಿದ್ದಳು.

ನೀಲಿ ಉರಿ ಎದ್ದಿತು. ಅಪ್ಪ ಉರಿಯನ್ನು ನೋಡಿದರು, ಉಜ್ಜಿನಪ್ಪ ಅವಳನ್ನು ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು. ಸೆರಗು ಸರಿಯಾಗಿಯೇ ಇತ್ತು. ಕಡ್ಡಿ ಅವನ ಬೆರಳು ಸುಡುವ ತನಕ ಉರಿಯಿತು.

ಆಮೇಲೆ ವಾರಕ್ಕೊಮ್ಮೆ ತಪಾಸಣೆ. ಸಗಣಿಗೆ ಎಷ್ಟು ನೀರು ಕಲಸಬೇಕೆಂದು ಅವನು ಹೇಳುವುದು, ಅವಳು ಬಾಗಿಲ ಮರೆಯಿಂದ ಕೇಳುವುದು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಮಾತ್ರ ಗುಂಡಿಗೆ ಬೀಳಬಾರದು, ಬಿದ್ದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತು ಒಲೆ ಆರುತ್ತದೆ ಎಂದಿದ್ದ. ಹೇಳುವುದು ಮುಗಿದರೂ ಆಸಾಮಿ ಏಳುತ್ತಿರಲಿಲ್ಲ. ಒಂದು ದಿನ ಮಾತಿಗೆ ಬೇರೆ ಏನೂ ಸಿಗದೆ ಮಂಗಳ ಗ್ರಹಕ್ಕೇ ಹೋದ.

ಈ ಗ್ಯಾಸಿನ ಹೆಸರು ಮೀಥೇನ್, ಮುಂದೊಂದು ದಿನ ರಾಕೆಟ್ಟೂ ಇದರಿಂದ ಹಾರಬಹುದು ಎಂದ. ಹೋಗಿ ಬರಲು ಬೇಕಾದ ಇಂಧನವನ್ನೆಲ್ಲ ಇಲ್ಲಿಂದಲೇ ಹೊತ್ತರೆ ರಾಕೆಟ್ ಮೇಲೇಳುವುದೇ ಕಷ್ಟ. ಮಂಗಳದ ಗಾಳಿಯಲ್ಲಿ ಇಂಗಾಲವಿದೆ, ಮಂಜುಗಡ್ಡೆಯೂ ಇದೆ, ಅವುಗಳಿಂದ ಅಲ್ಲೇ ಮೀಥೇನ್ ಮಾಡಿಕೊಳ್ಳಬಹುದಂತೆ. ಯಾವುದೋ ಪತ್ರಿಕೆಯಲ್ಲಿ ಓದಿದ್ದ.

“ಅಲ್ಲಿ ಎಮ್ಮಿ ಅದಾವೇನ್ರಿ?” ಎಂದಳು ಅನ್ನದಾನಮ್ಮ. ಅವನೊಂದಿಗೆ ಅವಳಾಡಿದ ಮೊದಲ ಮಾತು ಅದು.

“ಎಮ್ಮಿ ಬೇಕಾಗಿಲ್ರಿ, ಯಂತ್ರ ಸಾಕು. ತಿರುಗಿ ಬರಾಕ ಬೇಕಾದ್ದನ್ನ ಹೋದಲ್ಲೇ ಮಾಡ್ಕೊಳ್ಳೋದು.”

ಅವಳು ನಕ್ಕಳು. ಬಾಗಿಲ ಮರೆಯಿಂದ ಅವನಿಗೆ ಕಂಡದ್ದು ಅರ್ಧ ನಗೆ. ಅಷ್ಟಕ್ಕೇ ಪುಣ್ಯಾತ್ಮ ಸ್ಟ್ಯಾಂಡ್ ತೆಗೆಯದೆ ಸೈಕಲ್ ತುಳಿಯಲು ನೋಡಿದ. ಪ್ರೀತಿಗೆ ಬಿದ್ದವರು ಇಂಥವನ್ನೇ ಮಾಡುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ.

ಮಳೆಗಾಲದ ಹೊತ್ತಿಗೆ ಎಲ್ಲ ಸರಿಹೋಯಿತು. ಗ್ಯಾಸ್ ಚೆನ್ನಾಗಿ ಬರುತ್ತಿದೆ, ಇನ್ನು ತಾನು ಬರುವ ಕೆಲಸವಿಲ್ಲ ಎಂದು ಉಜ್ಜಿನಪ್ಪ ಕೈಮುಗಿದು ಹೋದ. ಅನ್ನದಾನಮ್ಮನಿಗೆ ಊಟ ಸೇರಲಿಲ್ಲ. ಮರುವಾರ ಒಲೆ ಆರಿತು.

ಅವನು ಓಡಿ ಬಂದ. ಗುಂಡಿಗೆ ಬಗ್ಗಿದ, ಎದ್ದ, ಅಡುಗೆಮನೆಯ ಕಡೆ ಒಮ್ಮೆ ನೋಡಿದ, ಥಂಡಿಗೆ ಹೀಗಾಗುತ್ತದೆ ಎಂದ. ಹೊಸ ಸಗಣಿ ತುಂಬಿಸಿ ಮತ್ತೆ ವಾರವಾರ ಬಂದ. ಗ್ಯಾಸ್ ಬಂತು, ಅವನು ಬರುವುದು ನಿಂತಿತು. ಅವನು ನಿಂತ ಮೇಲೆ ಗ್ಯಾಸೂ ನಿಂತಿತು.

ಊರಲ್ಲಿ ಗ್ಯಾಸ್ ಹಾಕಿಸಲು ಒಪ್ಪಿದ್ದವರೆಲ್ಲ ಹಿಂದೆ ಸರಿದರು. ಅವನದು ಇನ್ನೂ ಕಾಯಂ ಆಗದ ನೌಕರಿ. ಶಿವಯೋಗಪ್ಪನವರು ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಗುಂಡಿಯ ಮೇಲಿನ ಗ್ಯಾಸ್ ಡ್ರಮ್ ಕಿತ್ತು ಹಾಕಿಸುತ್ತೇನೆ, ಸಾಹೇಬರಿಗೆ ಹೇಳಿ ನಿನ್ನನ್ನೂ ಮನೆಗೆ ಕಳಿಸುತ್ತೇನೆ ಎಂದರು. ಉಜ್ಜಿನಪ್ಪ ತಲೆ ತಗ್ಗಿಸಿ, ತಪ್ಪು ನನ್ನದೇ ಎಂದ.

ಅನ್ನದಾನಮ್ಮನಿಗೆ ಅದನ್ನು ಕೇಳಲಾಗಲಿಲ್ಲ. ಬಾಗಿಲ ಮರೆ ಬಿಟ್ಟು ಹೊರಗೆ ಬಂದಳು. ಕೈಯಲ್ಲಿ ಫಿನಾಯಿಲ್ ಬಾಟಲಿಯಿತ್ತು.

“ಅವರ ತಪ್ಪಿಲ್ಲಪ್ಪ. ಎರಡು ಸಲನೂ ನಾನ ಸುರುವೀನಿ.”

“ಯಾಕವ್ವ?”

ಅವಳು ತಿರುಗಿ ನಿಂತಳು. ಮೊದಲ ಬಾರಿಗೆ ಉಜ್ಜಿನಪ್ಪನ ಮುಖವನ್ನು ನೇರವಾಗಿ ನೋಡಿದಳು.

“ತಿರುಗಿ ಬರಾಕ ಬೇಕಾದ್ದನ್ನ ಹೋದಲ್ಲೇ ಮಾಡ್ಕೋಬೇಕು ಅಂದಿದ್ರಲ್ರಿ. ನೀವು ಮಾಡ್ಕೊಳ್ಲಿಲ್ಲ. ನಾ ಮಾಡಿದೆ.”

ಶಿವಯೋಗಪ್ಪನವರಿಗೆ ರಾಕೆಟ್ಟಿನ ವಿಷಯ ತಿಳಿಯದಿದ್ದರೂ ಮಗಳ ಮುಖ ತಿಳಿಯಿತು. ಅವನತ್ತ ತಿರುಗಿ, ಫಿನಾಯಿಲ್ ವಾಸನೆ ಗೊತ್ತಾಗಲಿಲ್ಲವೇನಪ್ಪ ಎಂದು ಕೇಳಿದರು.

“ಮೊದಲನೇ ಸಲನ ಗೊತ್ತಾಗಿತ್ರಿ,” ಎಂದ ಉಜ್ಜಿನಪ್ಪ.

ಅನ್ನದಾನಮ್ಮನ ಕಣ್ಣು ತುಂಬಿತು. ಅಪ್ಪ ಇಬ್ಬರನ್ನೂ ನೋಡಿ, ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡರು.

“ದೀಪಾವಳಿ ಮುಗಿದ ಮ್ಯಾಲ ನಿಮ್ಮ ಹಿರಿಯರನ್ನ ಕರ್ಕೊಂಡು ಬರ್ರಿ. ಅಷ್ಟರಾಗ ಒಲಿ ಹೊತ್ತಬೇಕು ನೋಡ್ರಿ, ಅವರಿಗೆ ಚಾ ಮಾಡೋದೈತಿ.”